ಪನೀರ್ ನೀರಿನಿಂದ ಕ್ಯಾಪ್ರೋಯಿಕ್ ಆಮ್ಲ: ಪ್ರೊಪಿಯೋನಿಕ್ ಯಾಕೆ ತುಂಬಿಕೊಳ್ಳುತ್ತಿದೆ?

ಒಡಕುನೀರು

ಕ್ಯಾಪ್ರೋಯಿಕ್ (ಆರು ಇಂಗಾಲದ ಆಮ್ಲ) ತೆಗೆಯಲು ಎರಡು ಹಂತದ ಸೆಟಪ್. ಕಚ್ಚಾವಸ್ತು ಪನೀರ್ ಸೋಸಿದ ಮೇಲೆ ಉಳಿಯುವ ನೀರು, ಲ್ಯಾಕ್ಟೋಸ್ ಲೀಟರಿಗೆ 45 ಗ್ರಾಂ ಆಸುಪಾಸು. ಮೊದಲ ಹಂತ 50 ಡಿಗ್ರಿ, ಪಿಎಚ್ 5. ಅಲ್ಲಿ ಲ್ಯಾಕ್ಟೋಸ್ ಪೂರ್ತಿ ಲ್ಯಾಕ್ಟಿಕ್ ಕಡೆ ಹೋಗುತ್ತದೆ, ಲೀಟರಿಗೆ 36 ಗ್ರಾಂ ಸಿಗುತ್ತದೆ, ತಕರಾರಿಲ್ಲ. ಅದಕ್ಕೆ ಸಮಪಾಲು ನೀರು ಬೆರೆಸಿ, ಕಾಸ್ಟಿಕ್‌ನಿಂದ ಪಿಎಚ್ 6ಕ್ಕೆ ತಂದು ಎರಡನೇ ಹಂತಕ್ಕೆ ಕೊಡುವುದು.

ಎರಡನೇ ಹಂತ: 5 ಲೀಟರ್ ದ್ರವ, 32 ಡಿಗ್ರಿ, ಪಿಎಚ್ 6.5, ಎಚ್‌ಆರ್‌ಟಿ (ದ್ರವ ಒಳಗೆ ಉಳಿಯುವ ಅವಧಿ) 4 ದಿನ. ಹೆಪ್ಪು: ದನದ ರೂಮೆನ್ (ಮೊದಲ ಹೊಟ್ಟೆ) ದ್ರವ, 500 ಮಿಲಿ. ಸೂಕ್ಷ್ಮಾಣುಗಳನ್ನು ಹಿಡಿದಿಡುವ ಬಿಲ್ಲೆ, ಜಾಲರಿ ಯಾವುದೂ ಇಲ್ಲ.

ಒಳಹೋಗುವುದು, ಲೀಟರಿಗೆ: ಲ್ಯಾಕ್ಟಿಕ್ 18 ಗ್ರಾಂ, ಅಸಿಟಿಕ್ 1.
ಹೊರಬರುವುದು, ಲೀಟರಿಗೆ: ಲ್ಯಾಕ್ಟಿಕ್ 2.0, ಅಸಿಟಿಕ್ 4.0, ಪ್ರೊಪಿಯೋನಿಕ್ 5.5, ಬ್ಯುಟಿರಿಕ್ 1.2, ಕ್ಯಾಪ್ರೋಯಿಕ್ 1.1.
ಗ್ಯಾಸ್ ದಿನಕ್ಕೆ 4.5 ಲೀಟರ್ ಸುಮಾರು. ಮಿಥೇನ್ ಇಲ್ಲ.

ಬೇಕಾಗಿರುವುದು ಕ್ಯಾಪ್ರೋಯಿಕ್, ಬರುತ್ತಿರುವುದು ಪ್ರೊಪಿಯೋನಿಕ್. ಐದು ಎಚ್‌ಆರ್‌ಟಿ ಕಳೆದರೂ ಇದೇ. ಎಲ್ಲಿ ಕೈಹಾಕಬೇಕು?

ಲೆಕ್ಕದಪುಸ್ತಕ

ಕೈಹಾಕುವ ಮೊದಲು ಲೆಕ್ಕ ಕೂಡುತ್ತದಾ ನೋಡೋಣ. ಎಲ್ಲವನ್ನೂ ಸಿಒಡಿಗೆ (ಪೂರ್ತಿ ಉರಿಸಲು ಬೇಕಾಗುವ ಆಮ್ಲಜನಕದ ಲೆಕ್ಕ) ತನ್ನಿ. ಒಂದು ಗ್ರಾಂಗೆ ಲ್ಯಾಕ್ಟಿಕ್ 1.07, ಅಸಿಟಿಕ್ 1.07, ಪ್ರೊಪಿಯೋನಿಕ್ 1.51, ಬ್ಯುಟಿರಿಕ್ 1.82, ಕ್ಯಾಪ್ರೋಯಿಕ್ 2.21.

ಒಳಗೆ: 19.3 + 1.1 = 20.4.
ಹೊರಗೆ: 2.1 + 4.3 + 8.3 + 2.2 + 2.4 = 19.3.

ಶೇಕಡಾ 95 ಸಿಕ್ಕಿತು. ಉಳಿದದ್ದು ಹೈಡ್ರೋಜನ್, ಜೀವಕೋಶ. ಅಂದರೆ ನಿಮ್ಮ ಜಿಸಿ (ಆಮ್ಲ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಸುಳ್ಳು ಹೇಳುತ್ತಿಲ್ಲ, ಏನೂ ಸೋರಿಹೋಗುತ್ತಿಲ್ಲ. ದಾರಿ ಬೇರೆಯಾಗಿದೆ, ಅಷ್ಟೆ.

ಎರಡು ದಾರಿಗಳು ಹೀಗೆ:

ಚೈನ್ ಎಲಾಂಗೇಶನ್ (ಇಂಗಾಲದ ಸರಪಳಿ ಉದ್ದ ಮಾಡುವುದು): 3 ಲ್ಯಾಕ್ಟಿಕ್ → 1 ಕ್ಯಾಪ್ರೋಯಿಕ್ + 3 ಇಂಗಾಲದ ಡೈಆಕ್ಸೈಡ್ + 2 ಹೈಡ್ರೋಜನ್ + 1 ನೀರು.
ಅಕ್ರಿಲೇಟ್ ದಾರಿ: 3 ಲ್ಯಾಕ್ಟಿಕ್ → 2 ಪ್ರೊಪಿಯೋನಿಕ್ + 1 ಅಸಿಟಿಕ್ + 1 ಇಂಗಾಲದ ಡೈಆಕ್ಸೈಡ್ + 1 ನೀರು.

ನಿಮ್ಮ ಪ್ರೊಪಿಯೋನಿಕ್ 5.5 ಗ್ರಾಂ ಅಂದರೆ 0.074 ಮೋಲ್. ಅದಕ್ಕೆ ಬೇಕಾದ ಲ್ಯಾಕ್ಟಿಕ್ 0.111 ಮೋಲ್, 10 ಗ್ರಾಂ. ಖರ್ಚಾದ 16 ಗ್ರಾಂ ಲ್ಯಾಕ್ಟಿಕ್‌ನಲ್ಲಿ 10 ಗ್ರಾಂ ಅಕ್ರಿಲೇಟ್ ನುಂಗಿದೆ. 16 ಗ್ರಾಂ ಅಷ್ಟೂ ಎಲಾಂಗೇಶನ್‌ಗೆ ಹೋಗಿದ್ದರೆ ಕ್ಯಾಪ್ರೋಯಿಕ್ 6.9 ಗ್ರಾಂ ಬರಬೇಕಿತ್ತು (ಒಂದು ಗ್ರಾಂ ಲ್ಯಾಕ್ಟಿಕ್‌ಗೆ 0.43 ಗ್ರಾಂ, ಅದಕ್ಕಿಂತ ಹೆಚ್ಚು ಬಂದರೆ ಸ್ಟ್ಯಾಂಡರ್ಡ್ ತಪ್ಪಿದೆ ಅಂತ ತಿಳಿಯಿರಿ).

ಕೆಸರುಗುಂಡಿ

ರೂಮೆನ್ ದ್ರವ ಅಂದಾಗಲೇ ಉತ್ತರ ಅರ್ಧ ಸಿಕ್ಕಿತು. ರೂಮೆನ್‌ನಲ್ಲಿ ಲ್ಯಾಕ್ಟಿಕ್ ತಿನ್ನುವ ದೊಡ್ಡ ಗಿರಾಕಿ ಮೆಗಾಸ್ಫೇರಾ ಎಲ್ಸ್‌ಡೆನಿ. ಅದು ಕ್ಯಾಪ್ರೋಯಿಕ್ ಮಾಡುತ್ತದೆ ಅಂತ ಎಲ್ಲರೂ ಬರೆಯುತ್ತಾರೆ, ನಿಜ. ಆದರೆ ಸಕ್ಕರೆ ಕೊಟ್ಟಾಗ ಅದು ಬ್ಯುಟಿರಿಕ್, ಕ್ಯಾಪ್ರೋಯಿಕ್ ಕಡೆ ವಾಲುತ್ತದೆ. ಲ್ಯಾಕ್ಟಿಕ್ ಕೊಟ್ಟರೆ ಅದೇ ಜೀವಿ ಅಕ್ರಿಲೇಟ್ ದಾರಿ ಹಿಡಿದು ಪ್ರೊಪಿಯೋನಿಕ್ ಕೊಡುತ್ತದೆ. ನೀವು ಮೊದಲ ಹಂತದಲ್ಲಿ ಸಕ್ಕರೆಯನ್ನೆಲ್ಲ ಲ್ಯಾಕ್ಟಿಕ್ ಮಾಡಿ ಅದರ ಬಾಯಿಗೆ ಇಟ್ಟಿದ್ದೀರಿ.

ಲ್ಯಾಕ್ಟಿಕ್‌ನಿಂದ ನೇರ ಕ್ಯಾಪ್ರೋಯಿಕ್ ಕಡೆ ಹೋಗುವ ಕುಲ ಬೇರೆ. ಚೀನಾದ ಬೈಜಿಯು ಮದ್ಯದ ಗುಂಡಿಗಳ ಗೋಡೆಯ ಕೆಸರಿನಲ್ಲಿ ಸಿಕ್ಕ ಸಿಪಿಬಿ6 ಎಂಬ ತಳಿ (ಈಗ ಕ್ಯಾಪ್ರೋಯಿಸಿಬ್ಯಾಕ್ಟೀರಿಯಂ ಕುಲದಲ್ಲಿ ಸೇರಿದೆ) ಪ್ರಸಿದ್ಧ. ಆ ಮದ್ಯದ ಘಮ ಬರುವುದೇ ಎಥಿಲ್ ಕ್ಯಾಪ್ರೋಯೇಟ್‌ನಿಂದ, ಹಾಗಾಗಿ ಅಲ್ಲಿನವರು ಗೊತ್ತಿಲ್ಲದೆಯೇ ತಲೆಮಾರುಗಳಿಂದ ಇದೇ ಹೆಪ್ಪನ್ನು ಸಾಕಿಕೊಂಡು ಬಂದಿದ್ದಾರೆ. ನಮ್ಮಲ್ಲಿ ಆ ಕೆಸರು ಸಿಗದು. ಸೈಲೇಜ್ ಗುಂಡಿಯ ತಳದ ರಸ, ಗೋಬರ್ ಗ್ಯಾಸ್ ಸ್ಲರಿ, ಡೈರಿ ಇಟಿಪಿಯ (ತ್ಯಾಜ್ಯನೀರು ಶುದ್ಧ ಮಾಡುವ ಘಟಕ) ಮೊದಲ ತೊಟ್ಟಿಯ ಕೆಸರು, ಈ ಮೂರನ್ನು ಬೆರೆಸಿ ಹಾಕಿ. ವೈವಿಧ್ಯ ಇರಲಿ, ಯಾರು ಉಳಿಯಬೇಕು ಅಂತ ರಿಯಾಕ್ಟರ್ ಆರಿಸಿಕೊಳ್ಳುತ್ತದೆ.

ಹೊಸಬಳು

ಸೇರಿಸಬಹುದಾ? ಹೆಪ್ಪನ್ನು 80 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಹಾಕಬೇಕು ಅಂತ ಓದಿದ್ದೆ. ಮೆಗಾಸ್ಫೇರಾ ಬೀಜಕ ಕಟ್ಟುವುದಿಲ್ಲ, ಅದರಲ್ಲೇ ಸತ್ತುಹೋಗುತ್ತದಲ್ಲ?

ಕೆಸರುಗುಂಡಿ

ಸಾಯುತ್ತದೆ. ಆದರೆ ಮೊದಲನೆಯದು, ಕಾಯಿಸುವುದು ಮಿಥೇನ್ ಜೀವಿಗಳನ್ನು ಕೊಲ್ಲಲು, ಅವು ಈ ರಿಯಾಕ್ಟರ್‌ನಲ್ಲಿ ಇಲ್ಲವೇ ಇಲ್ಲ. ಎರಡನೆಯದು, ಕ್ಯಾಪ್ರೋಯಿಕ್ ಮಾಡುವ ಸೂಡೋರಾಮಿಬ್ಯಾಕ್ಟರ್ ಕೂಡ ಬೀಜಕ ಕಟ್ಟುವುದಿಲ್ಲ, ನಮಗೆ ಬೇಕಾದ ಅದೂ ಜೊತೆಗೇ ಹೋಯಿತು. ಮೂರನೆಯದು, ಪನೀರ್ ನೀರು ದಿನಾ ಹಸಿಯಾಗಿಯೇ ಒಳಗೆ ಬರುತ್ತಿದೆ. ಒಂದು ದಿನ ಬಾಗಿಲು ಹಾಕಿ ಮರುದಿನದಿಂದ ತೆರೆದಿಟ್ಟ ಹಾಗೆ.

ಲೆಕ್ಕದಪುಸ್ತಕ

ಕೆಸರುಗುಂಡಿಯವರ ಮಾತು ಒಪ್ಪುತ್ತೇನೆ, ಆದರೆ ಹೆಪ್ಪಿನ ಮೇಲೆ ಇಷ್ಟು ಭಾರ ಹಾಕಬೇಡಿ. ಮಿಶ್ರ ಸಮುದಾಯದಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ತೀರ್ಮಾನಿಸುವುದು ದಿನದಿನದ ಪರಿಸ್ಥಿತಿ. ಹೆಪ್ಪು ಬದಲಿಸಿ ಪರಿಸ್ಥಿತಿ ಹಾಗೇ ಇಟ್ಟರೆ ಒಂದು ತಿಂಗಳಲ್ಲಿ ಅದೇ ಪ್ರೊಪಿಯೋನಿಕ್ ವಾಪಸ್ ಬರುತ್ತದೆ.

@ಒಡಕುನೀರು, ಎರಡು ಪ್ರಶ್ನೆ. ಫೀಡ್ ಹೇಗೆ ಕೊಡುತ್ತೀರಿ, ಪಂಪಿನಲ್ಲಿ ನಿರಂತರವಾಗಿಯೋ ಕೈಯಲ್ಲೋ? ಮತ್ತೆ ಸ್ಯಾಂಪಲ್ ಯಾವ ಹೊತ್ತಿಗೆ ತೆಗೆಯುತ್ತೀರಿ?

ಒಡಕುನೀರು

ಕೈಯಲ್ಲಿ. ಬೆಳಿಗ್ಗೆ ಹತ್ತಕ್ಕೆ 1.25 ಲೀಟರ್ ಹೊರಗೆ, 1.25 ಲೀಟರ್ ಒಳಗೆ. ಸ್ಯಾಂಪಲ್ ಅದೇ ಹೊರತೆಗೆದದ್ದರಿಂದ.

ಲೆಕ್ಕದಪುಸ್ತಕ

ಸಿಕ್ಕಿತು ನೋಡಿ.

ನೀವು ಅಳೆಯುತ್ತಿರುವ 2.0 ಗ್ರಾಂ ಲ್ಯಾಕ್ಟಿಕ್ 24 ಗಂಟೆ ಹಸಿದ ಮೇಲಿನ ಸಂಖ್ಯೆ. ಫೀಡ್ ಸುರಿದ ಕ್ಷಣದಲ್ಲಿ ಎಷ್ಟಿರುತ್ತದೆ? ಉಳಿದ 3.75 ಲೀಟರಿನಲ್ಲಿ 7.5 ಗ್ರಾಂ, ಹೊಸ 1.25 ಲೀಟರಿನಲ್ಲಿ 22.5 ಗ್ರಾಂ. ಒಟ್ಟು 30 ಗ್ರಾಂ, 5 ಲೀಟರಿಗೆ. ಲೀಟರಿಗೆ 6 ಗ್ರಾಂ! ಹತ್ತು ಗಂಟೆ ಐದು ನಿಮಿಷಕ್ಕೆ ಒಂದು ಸ್ಯಾಂಪಲ್ ತೆಗೆದಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಲ್ಯಾಕ್ಟಿಕ್ ಹೇರಳವಾಗಿ ಬಿದ್ದಿರುವಾಗ ಬೇಗ ಬೇಗ ನುಂಗುವವರದೇ ಮೇಲುಗೈ. ಅಕ್ರಿಲೇಟ್ ದಾರಿ ಹಿಡಿದವರು ಲ್ಯಾಕ್ಟಿಕ್ ಅನ್ನೇ ಎಲೆಕ್ಟ್ರಾನ್ ಕೊಡುವವನಾಗಿಯೂ ಪಡೆಯುವವನಾಗಿಯೂ ಬಳಸುತ್ತಾರೆ, ಬೇರೆಯವರ ಬ್ಯುಟಿರಿಕ್‌ಗೆ ಕಾಯಬೇಕಿಲ್ಲ. ಲ್ಯಾಕ್ಟಿಕ್ ಚಿಟಿಕೆಯಷ್ಟೇ ಇದ್ದು, ಪಕ್ಕದಲ್ಲಿ ಅಸಿಟಿಕ್, ಬ್ಯುಟಿರಿಕ್ ಧಾರಾಳ ಇದ್ದಾಗ ಎಲಾಂಗೇಶನ್ ಮಾಡುವವರಿಗೆ ಅವಕಾಶ: ಲ್ಯಾಕ್ಟಿಕ್ + ಬ್ಯುಟಿರಿಕ್ → ಕ್ಯಾಪ್ರೋಯಿಕ್.

ಮಾಡಬೇಕಾದದ್ದು: ಟೈಮರ್ ಹಾಕಿದ ಪೆರಿಸ್ಟಾಲ್ಟಿಕ್ ಪಂಪು. 15 ನಿಮಿಷಕ್ಕೊಮ್ಮೆ 13 ಮಿಲಿ. ದಿನಕ್ಕೆ 96 ಸಲ, 1248 ಮಿಲಿ. ಹೊರಹರಿವು ಮಟ್ಟದ ಕೊಳವೆಯಿಂದ ತಾನಾಗಿ ಬೀಳಲಿ. ಫೀಡ್ ಬಾಟಲಿ 4 ಡಿಗ್ರಿಯಲ್ಲಿ ಇರಲಿ, ಇಲ್ಲದಿದ್ದರೆ ಬಾಟಲಿಯೇ ಮೂರನೇ ರಿಯಾಕ್ಟರ್ ಆಗುತ್ತದೆ.

ಪೊರೆಪಂಪು

ಪಂಪು ಕಟ್ಟುವಾಗ ಸಿಲಿಕಾನ್ ಟ್ಯೂಬ್ ಬೇಡ ಮಾರಾಯ್ರೆ. ಸಿಲಿಕಾನ್ ಗೋಡೆಯಲ್ಲಿ ಆಮ್ಲಜನಕ ಸಲೀಸಾಗಿ ಒಳಬರುತ್ತದೆ. ಫೀಡ್ ಹನಿ ಹನಿಯಾಗಿ ಹೋಗುವಾಗ ದ್ರವ ಕೊಳವೆಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ, ಯೀಸ್ಟ್ ಬೆಳೆದು ಒಳಗೆ ಬಿಳಿ ಲೋಳೆ ಕಟ್ಟುತ್ತದೆ. ಪಂಪಿನ ತಲೆಗೆ ಮಾತ್ರ ನಾರ್ಪ್ರೀನ್ (ಗಾಳಿ ಕಡಿಮೆ ಬಿಡುವ ರಬ್ಬರಿನಂಥ ಕೊಳವೆ), ಉಳಿದ ಕಡೆ ಗಟ್ಟಿ ನೈಲಾನ್ ಕೊಳವೆ, ಆದಷ್ಟು ಗಿಡ್ಡವಾಗಿ.

ಹಾಗೇ ಪಿಎಚ್ ಪ್ರೋಬ್. ಪನೀರ್ ನೀರಿನಲ್ಲಿ ಪ್ರೋಟೀನೂ ಇದೆ, ಕೊಬ್ಬೂ ಇದೆ. ಗಾಜಿನ ಮೇಲೆ ಪದರ ಕೂತು ರೀಡಿಂಗ್ ನಿಧಾನಕ್ಕೆ ಜಾರುತ್ತದೆ. ವಾರಕ್ಕೊಮ್ಮೆ ಪೆಪ್ಸಿನ್ ಹಾಕಿದ ಹೈಡ್ರೋಕ್ಲೋರಿಕ್ ದ್ರಾವಣದಲ್ಲಿ ನೆನೆಸಿ ತೊಳೆದು, ಪಿಎಚ್ 4 ಮತ್ತು 7ರ ಬಫರಿನಲ್ಲಿ ಕ್ಯಾಲಿಬ್ರೇಟ್ ಮಾಡಿ. ಇಲ್ಲದಿದ್ದರೆ ಮುಂದೆ ಇಲ್ಲಿ ನಡೆಯುವ ಪಿಎಚ್ ಜಗಳಕ್ಕೆ ಅರ್ಥವೇ ಇಲ್ಲ.

ಹೊಸಬಳು

ಸಣ್ಣ ಅನುಮಾನ, ಬಯ್ಯಬೇಡಿ. ಇಷ್ಟೆಲ್ಲ ಕಷ್ಟ ಕ್ಯಾಪ್ರೋಯಿಕ್‌ಗೇ ಯಾಕೆ? ಅದೇ ನೀರನ್ನು ಗೋಬರ್ ಗ್ಯಾಸ್ ಮಾಡಿದರೆ ತಲೆನೋವೇ ಇಲ್ಲವಲ್ಲ.

ಲೆಕ್ಕದಪುಸ್ತಕ

ಗ್ಯಾಸ್ ಮಾಡಿದರೆ ಸುಡುವುದು, ಅಷ್ಟೆ. ಆರು ಇಂಗಾಲದ ಆಮ್ಲ ಪಶು ಆಹಾರದಲ್ಲಿ ಕೆಟ್ಟ ಬ್ಯಾಕ್ಟೀರಿಯಾ ತಡೆಯಲು ಹೋಗುತ್ತದೆ. ಯುರೋಪ್ 2006ರ ಜನವರಿಯಿಂದ ಬೆಳವಣಿಗೆಗೆಂದು ಪಶು ಆಹಾರಕ್ಕೆ ಆಂಟಿಬಯೋಟಿಕ್ ಬೆರೆಸುವುದನ್ನು ನಿಲ್ಲಿಸಿದ ಮೇಲೆ ಅಲ್ಲಿ ಇದಕ್ಕೆ ಬೇಡಿಕೆ ಬಂತು. ಸುಗಂಧದ ಎಸ್ಟರ್, ಲೂಬ್ರಿಕಂಟ್, ಎರಡು ಅಣು ಜೋಡಿಸಿ ಹತ್ತು ಇಂಗಾಲದ ಇಂಧನ, ಹೀಗೆ ಪಟ್ಟಿ ಇದೆ. ಸಹಜ ಮೂಲ ಅಂದರೆ ತೆಂಗಿನೆಣ್ಣೆ, ತಾಳೆ ಬೀಜದೆಣ್ಣೆ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಎಂಟು ಇಂಗಾಲದ ಕ್ಯಾಪ್ರಿಲಿಕ್ ಏನೋ ಪರವಾಗಿಲ್ಲ, ಕ್ಯಾಪ್ರೋಯಿಕ್ ಶೇಕಡಾ ಒಂದೂ ಇಲ್ಲ.

ಇನ್ನೊಂದು ಕಾರಣ ಬೇರ್ಪಡಿಸುವಿಕೆ. ಅಸಿಟಿಕ್ ಎಷ್ಟು ಬೇಕಾದರೂ ನೀರಿನಲ್ಲಿ ಬೆರೆಯುತ್ತದೆ, ತೆಗೆಯಲು ನೀರನ್ನೇ ಕಾಯಿಸಬೇಕು. ಕ್ಯಾಪ್ರೋಯಿಕ್ ಲೀಟರಿಗೆ 10–11 ಗ್ರಾಂ ದಾಟಿದರೆ ಎಣ್ಣೆಯಾಗಿ ಮೇಲೆ ತೇಲುತ್ತದೆ. ವಾಸನೆ ಮಾತ್ರ ಹೋತದ್ದೇ. ಹೆಸರೇ ಅಲ್ಲಿಂದ ಬಂದದ್ದು, ಲ್ಯಾಟಿನ್‌ನಲ್ಲಿ ಕಾಪರ್ ಅಂದರೆ ಹೋತ. ಅಂಗಿಗೆ ಹತ್ತಿದರೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ.

ಕೈಗಾರಿಕೆ ಮಟ್ಟಕ್ಕೂ ಬಂದಿದೆ. ಆಮ್‌ಸ್ಟರ್‌ಡಾಮಿನಲ್ಲಿ ಚೈನ್‌ಕ್ರಾಫ್ಟ್ ಎಂಬ ಕಂಪನಿ ಆಹಾರ ಉಳಿಕೆಯಿಂದ ಮಾಡಿ ತೋರಿಸಿದೆ. ಫ್ರಾನ್ಸಿನ ಅಫೀರೆನ್ ಸಕ್ಕರೆ ಬೀಟ್ ಕಾರ್ಖಾನೆಯ ಉಪ ಉತ್ಪನ್ನದಿಂದ ಎರಡರಿಂದ ಆರು ಇಂಗಾಲದವರೆಗಿನ ಆಮ್ಲಗಳನ್ನು ಸಹಜ ಸೂಕ್ಷ್ಮಾಣು ಸಮುದಾಯದಿಂದಲೇ ತೆಗೆಯುತ್ತದೆ. ಕಾರ್ಲಿಂಗ್ ಸೇಂತ್ ಅವೋಲ್ಡ್‌ನ ಅದರ ಸ್ಥಾವರದ ಸಾಮರ್ಥ್ಯ ವರ್ಷಕ್ಕೆ 16,000 ಟನ್.

ಕಾಕಂಬಿ

ನಮ್ಮ ಕಡೆ ಡಿಸ್ಟಿಲರಿ ಸ್ಪೆಂಟ್ ವಾಶ್ (ಬಟ್ಟಿ ಇಳಿಸಿದ ಮ್ಯಾಲ ಉಳಿಯೋ ನೀರು) ಎಷ್ಟರ ಐತಿ. ಅದರಾಗ ಗ್ಲಿಸರಾಲ್, ಲ್ಯಾಕ್ಟಿಕ್, ಸ್ವಲ್ಪ ಎಥೆನಾಲ್ ಎಲ್ಲಾ ಇರ್ತಾವು. ಅದಕ್ಕ ಇದನ್ನ ಹಚ್ಚಾಕ ಬರ್ತದೇನ್ರಿ?

ಕೆಸರುಗುಂಡಿ

ಬರುತ್ತದೆ, ಆದರೆ ಕಾಕಂಬಿಯ ಸ್ಪೆಂಟ್ ವಾಶ್‌ನಲ್ಲಿ ಸಲ್ಫೇಟ್ ನೋಡಿಕೊಳ್ಳಿ. ಒಂದು ಗ್ರಾಂ ಸಲ್ಫೇಟ್ 0.67 ಗ್ರಾಂ ಸಿಒಡಿ ತಿಂದು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಲೀಟರಿಗೆ 5 ಗ್ರಾಂ ಸಲ್ಫೇಟ್ ಇದ್ದರೆ 3.3 ಗ್ರಾಂ ಸಿಒಡಿ ಹೋಯಿತು, ಅದು 1.5 ಗ್ರಾಂ ಕ್ಯಾಪ್ರೋಯಿಕ್‌ಗೆ ಸಮ. ನಷ್ಟಕ್ಕಿಂತ ಅಪಾಯ ದೊಡ್ಡದು. ಪಿಎಚ್ 7ರಲ್ಲಿ ಸಲ್ಫೈಡ್ ಅರ್ಧ ನೀರಿನಲ್ಲಿ ಅಯಾನಾಗಿ ಉಳಿಯುತ್ತದೆ, 5.5ರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಅನಿಲ. ಗ್ಯಾಸ್ ಕೊಳವೆ ಕಟ್ಟಡದ ಹೊರಗೆ ಹೋಗಬೇಕು, ಮೊದಲು ಕಾಸ್ಟಿಕ್ ಬಾಟಲಿ ದಾಟಿ. ಕೋಣೆಯಲ್ಲಿ ಸಲ್ಫೈಡ್ ಅಲಾರಂ ಇಲ್ಲದೆ ಶುರು ಮಾಡಬೇಡಿ. ಮೂಗನ್ನು ನಂಬುವಂತಿಲ್ಲ, ಜಾಸ್ತಿ ಆದಾಗ ವಾಸನೆ ಗೊತ್ತಾಗುವುದೇ ನಿಂತುಹೋಗುತ್ತದೆ.

ಎಥೆನಾಲ್ ದಾರಿ ಬೇರೆ ಕತೆ. ಅಲ್ಲಿ ನಾಯಕ ಕ್ಲಾಸ್ಟ್ರಿಡಿಯಂ ಕ್ಲುವೇರಿ. 1930ರ ದಶಕದಲ್ಲಿ ಬಾರ್ಕರ್ ಡೆಲ್ಫ್ಟ್‌ನ ಕಾಲುವೆ ಕೆಸರಿನಿಂದ ಹುಡುಕಿದ್ದು. ಆರು ಎಥೆನಾಲ್‌ನಲ್ಲಿ ಒಂದನ್ನು ಅಸಿಟಿಕ್ ಆಗಿ ಸುಟ್ಟು ಶಕ್ತಿ ಪಡೆದು, ಐದನ್ನು ಸರಪಳಿಗೆ ಜೋಡಿಸುತ್ತದೆ. ಬೆಳೆಯಲು ಇಂಗಾಲದ ಡೈಆಕ್ಸೈಡ್ ಬೇಕೇ ಬೇಕು, ನೈಟ್ರೋಜನ್ ಹಾಯಿಸಿ ಹಾಯಿಸಿ ಅದನ್ನೆಲ್ಲ ಓಡಿಸಿದರೆ ನಿಂತುಹೋಗುತ್ತದೆ. ಆದರೆ ಎಥೆನಾಲ್ ಇರುವ ಡಿಸ್ಟಿಲರಿ ಅದನ್ನು ಪೆಟ್ರೋಲಿಗೆ ಬೆರೆಸಲು ಮಾರುತ್ತದೆಯೇ ಹೊರತು ಕೆಸರಿಗೆ ಯಾಕೆ ಸುರಿಯುತ್ತದೆ? ಬಟ್ಟಿ ಇಳಿಸುವ ಖರ್ಚಿಗೆ ಬಾರದಷ್ಟು ತೆಳು ಎಥೆನಾಲ್ ಇದ್ದರೆ ಮಾತ್ರ ಯೋಚಿಸಿ.

ಕಾಕಂಬಿ

ತಿಳೀತ್ರಿ. ಮೊದಲು ಸಲ್ಫೇಟ್ ಅಳಿಸ್ತೇನಿ.

ಸೂಡೋಮಾವ

ಒಡಕುನೀರು ಅವರ ವಿಷಯಕ್ಕೆ ವಾಪಸ್. ಪಿಎಚ್ 6.5 ಯಾಕೆ? ನೇರ 5.5ಕ್ಕೆ ಇಳಿಸಿ. ಪ್ರೊಪಿಯೋನಿಕ್ ಕಡಿಮೆಯಾಗುತ್ತದೆ, ಮಿಥೇನ್ ಭಯವೂ ಇಲ್ಲ.

ಲೆಕ್ಕದಪುಸ್ತಕ

ಆಮ್ಲ ತೆಗೆಯುವ ವ್ಯವಸ್ಥೆ ಇಲ್ಲದೆ 5.5 ಬೇಡ. ಸೂಕ್ಷ್ಮಾಣುಗಳಿಗೆ ವಿಷ ಆಗುವುದು ಒಟ್ಟು ಕ್ಯಾಪ್ರೋಯಿಕ್ ಅಲ್ಲ, ಅಯಾನ್ ಆಗದೆ ಉಳಿದ ಪಾಲು. ಅದು ಕೋಶದ ಪೊರೆ ದಾಟಿ ಒಳಗೆ ಹೋಗಿ ಬಿಡಿಸಿಕೊಳ್ಳುತ್ತದೆ. ಮಿತಿ ಲೀಟರಿಗೆ ಸುಮಾರು 0.87 ಗ್ರಾಂ, 7.5 ಮಿಲಿಮೋಲ್. ಕ್ಯಾಪ್ರೋಯಿಕ್‌ನ ಪಿಕೆಎ (ಆಮ್ಲ ಅರ್ಧ ಅಯಾನ್ ಆಗುವ ಪಿಎಚ್) 4.88 ಇಟ್ಟುಕೊಂಡರೆ:

ಪಿಎಚ್ 5.0: ಶೇಕಡಾ 43 ಅಯಾನ್ ಆಗದ್ದು, ಒಟ್ಟು 2 ಗ್ರಾಂಗೇ ಉಸಿರು ಕಟ್ಟುತ್ತದೆ
ಪಿಎಚ್ 5.5: ಶೇಕಡಾ 19, ಒಟ್ಟು 4.5 ಗ್ರಾಂ
ಪಿಎಚ್ 6.0: ಶೇಕಡಾ 7, ಒಟ್ಟು 12.4 ಗ್ರಾಂ

ಈ ಫೀಡಿನಲ್ಲಿ ಗರಿಷ್ಠ ಸಾಧ್ಯ ಎಂಟು ಗ್ರಾಂ ಆಸುಪಾಸು. 6.0ರಲ್ಲಿ ಇಟ್ಟರೆ ವಿಷದ ಗೋಡೆ ದೂರ ಉಳಿಯುತ್ತದೆ. 5.5ರಲ್ಲಿ 4.5ಕ್ಕೆ ಬಂದು ನಿಂತು, ಲ್ಯಾಕ್ಟಿಕ್ ಏರಿ, ಮತ್ತೆ ಅಕ್ರಿಲೇಟ್ ಬಾಗಿಲು ತೆರೆಯುತ್ತದೆ.

ಸೂಡೋಮಾವ

ಹಾಗಾದರೆ 7ಕ್ಕೇ ಏರಿಸಿಬಿಡಿ, ವಿಷವೇ ಇರುವುದಿಲ್ಲ! ನೆದರ್ಲೆಂಡ್ಸಿನ ಫಿಲ್ಟರ್ ರಿಯಾಕ್ಟರಿನಲ್ಲಿ 4 ಗಂಟೆ ಎಚ್‌ಆರ್‌ಟಿಯಲ್ಲಿ ಲೀಟರಿಗೆ ದಿನಕ್ಕೆ 57 ಗ್ರಾಂ ಕ್ಯಾಪ್ರೋಯಿಕ್ ಬಂದದ್ದು ತಟಸ್ಥ ಪಿಎಚ್ ಹತ್ತಿರವೇ ಅಲ್ಲವೇ?

ಕೆಸರುಗುಂಡಿ

ಅದು ಎಥೆನಾಲ್ ಕೊಟ್ಟ ರಿಯಾಕ್ಟರ್, ಲ್ಯಾಕ್ಟಿಕ್ ಅಲ್ಲ. ಎಥೆನಾಲ್‌ಗೆ ಅಕ್ರಿಲೇಟ್ ಎಂಬ ಪಕ್ಕದ ದಾರಿಯೇ ಇಲ್ಲ. ಜೊತೆಗೆ ಜೀವರಾಶಿ ಹಿಡಿದಿಟ್ಟ ಫಿಲ್ಟರ್. ಲ್ಯಾಕ್ಟಿಕ್ ಕೊಡುವಾಗ ಪಿಎಚ್ 6 ದಾಟಿ ಮೇಲೆ ಹೋದಷ್ಟೂ ಪ್ರೊಪಿಯೋನಿಕ್ ಕಡೆ ವಾಲುತ್ತದೆ. ಈ 6.5 ಕೂಡ ಅದಕ್ಕೆ ಸಾಕ್ಷಿ.

6.0ರಲ್ಲಿ ಮಿಥೇನ್ ಬರುತ್ತದಾ ಅಂದರೆ, ಈ ಸೆಟಪ್ಪಿನಲ್ಲಿ ಕಷ್ಟ. ಅಸಿಟಿಕ್ ತಿನ್ನುವ ಮಿಥೇನ್ ಜೀವಿ ಬೆಳೆಯುವುದು ನಿಧಾನ, ಬಿಲ್ಲೆ ಜಾಲರಿ ಇಲ್ಲದ 4 ದಿನದಲ್ಲಿ ತೊಳೆದುಹೋಗುತ್ತದೆ. ಹೈಡ್ರೋಜನ್ ತಿನ್ನುವವು ಉಳಿಯಬಹುದು, ಗ್ಯಾಸಿನಲ್ಲಿ ಮಿಥೇನ್ ಕಾಣಿಸಿದರೆ ಎಚ್‌ಆರ್‌ಟಿ 3ಕ್ಕೆ ಇಳಿಸಿ. ಮಿಥೇನ್ ತಡೆಯಲು ಬ್ರೋಮೋಎಥೇನ್ ಸಲ್ಫೋನೇಟ್ ಹಾಕಿ ಎಂದು ಯಾರಾದರೂ ಹೇಳಿದರೆ ಬೆಲೆಪಟ್ಟಿ ತೋರಿಸಿ. ಸೀಸೆ ಪ್ರಯೋಗಕ್ಕೆ ಸರಿ, ಸ್ಥಾವರಕ್ಕಲ್ಲ.

ಲೆಕ್ಕದಪುಸ್ತಕ

ಜಿಸಿ ಇಲ್ಲದೆಯೇ ದಾರಿ ಬದಲಾಯಿತಾ ಅಂತ ತಿಳಿಯುವ ಉಪಾಯ: ಪಿಎಚ್ ಪಂಪು ನೋಡಿ. ಅಕ್ರಿಲೇಟ್‌ನಲ್ಲಿ ಮೂರು ಆಮ್ಲ ಹೋಗಿ ಮೂರು ಆಮ್ಲ ಬರುತ್ತದೆ, ಪಿಎಚ್ ಅಲ್ಲಾಡುವುದಿಲ್ಲ. ಎಲಾಂಗೇಶನ್‌ನಲ್ಲಿ ಮೂರು ಹೋಗಿ ಒಂದೇ ಬರುತ್ತದೆ, ಪಿಎಚ್ ಏರುತ್ತದೆ. ಅಂದರೆ ಎಲ್ಲ ಸರಿಹೋದ ದಿನ ರಿಯಾಕ್ಟರ್ ಕಾಸ್ಟಿಕ್ ಕೇಳುವುದಿಲ್ಲ, ಆಮ್ಲ ಕೇಳುತ್ತದೆ. ನಿಮ್ಮಲ್ಲಿ ಯಾವುದು ಓಡುತ್ತಿದೆ?

ಒಡಕುನೀರು

ಕಾಸ್ಟಿಕ್ ಆಗಾಗ ಓಡುತ್ತದೆ. ಆಮ್ಲದ ಪಂಪು ಕಟ್ಟೇ ಇಲ್ಲ.

ಲೆಕ್ಕದಪುಸ್ತಕ

ಕಟ್ಟಿ. ಹೈಡ್ರೋಕ್ಲೋರಿಕ್ 1 ಮೋಲಾರ್. ಸಲ್ಫ್ಯೂರಿಕ್ ಬೇಡ, ಮೇಲೆ ಹೇಳಿದ ಸಲ್ಫೈಡ್ ಕಾರಣಕ್ಕೆ. ಮತ್ತೆ ಫೀಡನ್ನು ಮೊದಲೇ ಪಿಎಚ್ 6ಕ್ಕೆ ತರುವುದು ನಿಲ್ಲಿಸಿ. ಒಂದು ಕೈಯಲ್ಲಿ ಕಾಸ್ಟಿಕ್ ಹಾಕಿ ಇನ್ನೊಂದು ಕೈಯಲ್ಲಿ ಆಮ್ಲ ಹಾಕಿದಂತಾಗುತ್ತದೆ. ಮೊದಲ ಹಂತವನ್ನೇ ಪಿಎಚ್ 4.5ರಲ್ಲಿ ನಡೆಸಿ ಹಾಗೇ ಕೊಟ್ಟರೆ ಎರಡನೇ ಹಂತದ ಆಮ್ಲದ ಖರ್ಚು ಕಡಿಮೆಯಾಗುತ್ತದೆ.

ಗ್ಯಾಸ್ ಕೂಡ ಸುಳಿವು. 16 ಗ್ರಾಂ ಲ್ಯಾಕ್ಟಿಕ್ ಪೂರ್ತಿ ಅಕ್ರಿಲೇಟ್‌ಗೆ ಹೋದರೆ ದಿನಕ್ಕೆ 1.8 ಲೀಟರ್, ಪೂರ್ತಿ ಕ್ಯಾಪ್ರೋಯಿಕ್‌ಗೆ ಹೋದರೆ 9 ಲೀಟರ್ ಆಸುಪಾಸು. ನೀವು ನಡುವೆ ಇದ್ದೀರಿ.

ಸೂಡೋಮಾವ

ಅನಾಲಿಸಿಸ್ ಬಗ್ಗೆ ಒಂದು ಮಾತು. ಲ್ಯಾಕ್ಟಿಕ್ ಜಿಸಿಯಲ್ಲಿ ಸರಿಯಾಗಿ ಬರುವುದಿಲ್ಲ, ಎಚ್‌ಪಿಎಲ್‌ಸಿ (ದ್ರವ ಕ್ರೊಮ್ಯಾಟೋಗ್ರಾಫ್) ಬೇಕು. ಕ್ಯಾಪ್ರೋಯಿಕ್ ಎಚ್‌ಪಿಎಲ್‌ಸಿಯ ಆಮ್ಲ ಕಾಲಮಿನಲ್ಲಿ ಬಹಳ ತಡವಾಗಿ ಬರುತ್ತದೆ. ರನ್ ಬೇಗ ನಿಲ್ಲಿಸಿದರೆ ಮುಂದಿನ ಸ್ಯಾಂಪಲ್ಲಿನ ನಡುವೆ ದೆವ್ವದ ಹಾಗೆ ಎದ್ದು ನಿಲ್ಲುತ್ತದೆ. ಜಿಸಿಗೆ ಹಾಕುವ ಮೊದಲು ಸ್ಯಾಂಪಲ್ಲನ್ನು ಪಿಎಚ್ 2ರ ಕೆಳಗೆ ತನ್ನಿ, ಇಲ್ಲದಿದ್ದರೆ ಲವಣವಾಗಿ ಉಳಿದದ್ದು ಲೆಕ್ಕಕ್ಕೇ ಬರುವುದಿಲ್ಲ.

ಹೊಸಬಳು

ಆಮ್ಲ ತೆಗೆಯುವ ವ್ಯವಸ್ಥೆ ಅಂದಿರಲ್ಲ, ಅದು ಹೇಗೆ?

ಪೊರೆಪಂಪು

ಪಾಲಿಪ್ರೊಪಿಲೀನ್‌ನ ಸಣ್ಣ ಟೊಳ್ಳು ಎಳೆಗಳ ಕಟ್ಟು, ಎರಡು ಬೇಕು. ಮೊದಲನೆಯದರಲ್ಲಿ ಒಂದು ಕಡೆ ರಿಯಾಕ್ಟರ್ ದ್ರವ, ಇನ್ನೊಂದು ಕಡೆ ಮಿನರಲ್ ಆಯಿಲ್, ಅದರಲ್ಲಿ ಶೇಕಡಾ 3 ಟ್ರೈಆಕ್ಟೈಲ್ ಫಾಸ್ಫೀನ್ ಆಕ್ಸೈಡ್. ಅಯಾನ್ ಆಗದ ಉದ್ದ ಆಮ್ಲ ಎಣ್ಣೆಗೆ ಹಾರುತ್ತದೆ, ಲ್ಯಾಕ್ಟಿಕ್ ಅಸಿಟಿಕ್ ಬಹುಪಾಲು ಇಲ್ಲೇ ಉಳಿಯುತ್ತವೆ. ಎರಡನೇ ಕಟ್ಟಿನಲ್ಲಿ ಆ ಎಣ್ಣೆ ಒಂದು ಕಡೆ, ಪಿಎಚ್ 9ರ ಬೋರೇಟ್ ಬಫರ್ ಇನ್ನೊಂದು ಕಡೆ. ಅಲ್ಲಿ ಆಮ್ಲ ಲವಣವಾಗಿ ಸಿಕ್ಕಿಬೀಳುತ್ತದೆ, ಹಿಂದಕ್ಕೆ ಬರಲಾರದು. ಎಣ್ಣೆ ಖಾಲಿಯಾಗಿ ಮತ್ತೆ ಮೊದಲ ಕಟ್ಟಿಗೆ. ಇದು ಓಡಲು ರಿಯಾಕ್ಟರ್ ಪಿಎಚ್ 5ರಿಂದ 5.5 ಇರಬೇಕು. ಸೂಡೋಮಾವ ಹೇಳಿದ 5.5 ಆಗ ಸರಿ.

ಹಾಳಾಗುವುದು ಎಲ್ಲಿ ಅಂದರೆ ಕೊಬ್ಬಿನಲ್ಲಿ. ಪನೀರ್ ನೀರಿನ ಕೊಬ್ಬು, ಪ್ರೋಟೀನ್ ಎಳೆಯ ರಂಧ್ರಕ್ಕೆ ಮೆತ್ತಿಕೊಂಡರೆ ನೀರು ಎಣ್ಣೆ ಕಡೆಗೆ, ಎಣ್ಣೆ ನೀರಿನ ಕಡೆಗೆ. ರಿಯಾಕ್ಟರ್ ಮೇಲೆ ಕಾಮನಬಿಲ್ಲಿನ ತೆಳು ಪದರ ಕಂಡರೆ ಅದೇ. ಮೊದಲೇ ಕೆನೆ ತೆಗೆಯಿರಿ, ದ್ರವವನ್ನು 5 ಮೈಕ್ರಾನ್, ಆಮೇಲೆ 1 ಮೈಕ್ರಾನ್ ಕಾರ್ಟ್ರಿಜ್ ದಾಟಿಸಿ. ನೀರಿನ ಕಡೆಯ ಒತ್ತಡ ಎಣ್ಣೆ ಕಡೆಗಿಂತ ಸ್ವಲ್ಪ ಜಾಸ್ತಿ ಇರಲಿ, ಉಲ್ಟಾ ಆದರೆ ಎಣ್ಣೆ ನುಗ್ಗುತ್ತದೆ.

ಕಾಸ್ಟಿಕ್ ಖರ್ಚು ಇಲ್ಲಿ ತಪ್ಪುವುದಿಲ್ಲ. ಒಂದು ಕೆಜಿ ಕ್ಯಾಪ್ರೋಯಿಕ್ ಹಿಡಿಯಲು 345 ಗ್ರಾಂ ಕಾಸ್ಟಿಕ್, ಮತ್ತೆ ಅದನ್ನು ಎಣ್ಣೆಯಾಗಿ ಬಿಡಿಸಲು 420 ಗ್ರಾಂ ಸಲ್ಫ್ಯೂರಿಕ್, ಉಳಿಯುವುದು 610 ಗ್ರಾಂ ಸೋಡಿಯಂ ಸಲ್ಫೇಟ್. ಬಫರಿನಲ್ಲಿ ಲೀಟರಿಗೆ 50 ಗ್ರಾಂ ಆಗುವವರೆಗೆ ಕಾಯಿರಿ. 15ರಲ್ಲೇ ಆಮ್ಲ ಸುರಿದರೆ ಅದರಲ್ಲಿ 10 ನೀರಿನಲ್ಲೇ ಕರಗಿ ಉಳಿದು, ಮೇಲೆ ತೇಲುವುದು ಐದೇ ಗ್ರಾಂ. ಈ ಲವಣದ ರಗಳೆ ಬೇಡವೆಂದರೆ ವಿದ್ಯುತ್ ಪೊರೆಯಿಂದ ಬೇರ್ಪಡಿಸುವ ಮೆಂಬ್ರೇನ್ ಎಲೆಕ್ಟ್ರೋಲಿಸಿಸ್ ಇದೆ. ಅದಕ್ಕೆ ಬೇರೆ ಚರ್ಚೆಯೇ ಬೇಕು.

ಒಡಕುನೀರು

ಬದಲಾವಣೆ ಮಾಡಿದ್ದು: ಟೈಮರ್ ಪಂಪು 13 ಮಿಲಿಯಂತೆ, ಪಿಎಚ್ 6.0, ಸೈಲೇಜ್ ರಸ ಮತ್ತು ಗೋಬರ್ ಗ್ಯಾಸ್ ಸ್ಲರಿ ತಲಾ 250 ಮಿಲಿ ಹೆಪ್ಪು, ಆಮ್ಲದ ಪಂಪು. ಎಚ್‌ಆರ್‌ಟಿ 4 ದಿನವೇ. 20 ದಿನದ ನಂತರ ಹೊರಬರುವುದು, ಲೀಟರಿಗೆ:

ಲ್ಯಾಕ್ಟಿಕ್ 0.2, ಅಸಿಟಿಕ್ 2.0, ಪ್ರೊಪಿಯೋನಿಕ್ 1.6, ಬ್ಯುಟಿರಿಕ್ 2.4, ವ್ಯಾಲೆರಿಕ್ 0.6, ಕ್ಯಾಪ್ರೋಯಿಕ್ 2.9.

ಕಾಸ್ಟಿಕ್ ಪಂಪು ನಿಂತಿದೆ, ಆಮ್ಲದ ಪಂಪು ಓಡುತ್ತಿದೆ. ಆದರೆ ಸಿಒಡಿ ಲೆಕ್ಕ ಶೇಕಡಾ 82 ಮಾತ್ರ ಕೂಡುತ್ತಿದೆ. ಸೋರಿಕೆಯಾ?

ಲೆಕ್ಕದಪುಸ್ತಕ

ಸೋರಿಕೆಯಲ್ಲ. ಈಗ ಹೈಡ್ರೋಜನ್ ಹೆಚ್ಚು ಹೋಗುತ್ತಿದೆ. ನಿಮ್ಮ ಬ್ಯುಟಿರಿಕ್, ಕ್ಯಾಪ್ರೋಯಿಕ್‌ಗೆ ತಕ್ಕಂತೆ ಲೀಟರ್ ಫೀಡಿಗೆ 0.1 ಮೋಲ್ ಹೈಡ್ರೋಜನ್, ಅಂದರೆ 1.7 ಗ್ರಾಂ ಸಿಒಡಿ. ಉಳಿದ ಸುಮಾರು 1.9 ಜೀವಕೋಶ. ಗ್ಯಾಸ್ ಮೀಟರಿನಲ್ಲಿ ಹೈಡ್ರೋಜನ್ ಅಳೆದು ಸೇರಿಸಿ, ಕೂಡುತ್ತದೆ.

ವ್ಯಾಲೆರಿಕ್ ಬಂದಿರುವುದಕ್ಕೆ ಗಾಬರಿ ಬೇಡ. ಉಳಿದ ಪ್ರೊಪಿಯೋನಿಕ್ ಅನ್ನೇ ಎಳೆದು ಐದು ಇಂಗಾಲ ಮಾಡುತ್ತಿದ್ದಾರೆ, ಒಳ್ಳೆಯ ಗುರುತು.

ಈಗಿನ ಅಡ್ಡಿ ಬೇರೆ. ಬ್ಯುಟಿರಿಕ್ 2.4 ಸುಮ್ಮನೆ ಕೂತಿದೆ, ಅದನ್ನು ಆರಕ್ಕೆ ಏರಿಸಲು ಲ್ಯಾಕ್ಟಿಕ್ ಸಾಲುತ್ತಿಲ್ಲ, 0.2ಕ್ಕೆ ಇಳಿದಿದೆ. ಆಗ ಅತಿ, ಈಗ ಕೊರತೆ. ಫೀಡಿಗೆ ಬೆರೆಸುವ ನೀರು ಕಡಿಮೆ ಮಾಡಿ: ಸಮಪಾಲಿನ ಬದಲು ಮೂರು ಪಾಲು ಹುಳಿನೀರಿಗೆ ಎರಡು ಪಾಲು ನೀರು. ಲ್ಯಾಕ್ಟಿಕ್ 21.6 ಗ್ರಾಂ ಆಗುತ್ತದೆ. ಒಮ್ಮೆಗೇ ಅಲ್ಲ, ನಾಲ್ಕು ದಿನಕ್ಕೊಮ್ಮೆ ಒಂದು ಗ್ರಾಂನಂತೆ. ದಿನಾ ಒಂದೇ ಹೊತ್ತಿಗಲ್ಲದೆ ಬೇರೆ ಬೇರೆ ಹೊತ್ತಿನಲ್ಲಿ ಲ್ಯಾಕ್ಟಿಕ್ ನೋಡಿ. 0.5 ದಾಟಿದ ದಿನ ಅಲ್ಲೇ ನಿಲ್ಲಿಸಿ.

ಪೊರೆಪಂಪು

ಮತ್ತೆ ಆ ಸಿಲಿಕಾನ್ ಟ್ಯೂಬ್ ಬದಲಿಸಿದ್ರಾ?

ಒಡಕುನೀರು

ಪಂಪಿನ ತಲೆಯದ್ದು ಬದಲಿಸಿದೆ. ಫೀಡ್ ಬಾಟಲಿಯಿಂದ ಬರುವುದು ಇನ್ನೂ ಹಳೆಯದೇ, ನಾಳೆ.